ಹದಿನಾಲ್ಕು ಕಿಟಕಿಗಳ ಕತ್ತಲೆ

ಕುರ್ಚಿ ಕೊಳ್ಳಲು ಬಂದವರಿಗೆ ನಾನು ಯಾವತ್ತೂ ಹೇಳದ ಗುಟ್ಟೊಂದಿದೆ: ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಬೇಕು. ಮೇಲಿನ ಬಟ್ಟೆ, ಪಾಲಿಶು ಎಲ್ಲ ಗಿರಾಕಿಯ ಕಣ್ಣಿಗೆ. ಸತ್ಯ ಇರುವುದು ಕಾಲು ಬಂದು ಸೇರುವ ಕೀಲಿನಲ್ಲಿ. ಮನುಷ್ಯರನ್ನು ಹಾಗೆ ತಲೆಕೆಳಗು ಮಾಡಲು ಬರುವುದಿಲ್ಲ, ಅದಕ್ಕೆ ನಾನು ಅವರ ಚಪ್ಪಲಿ ನೋಡುತ್ತೇನೆ.

ಕಪ್ಪಂಗಿ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಬಾಗಿಲ ಹೊರಗೆ ಬಿಟ್ಟು, ದಪ್ಪ ಕಪ್ಪು ಕಾಲುಚೀಲದಲ್ಲಿ ನನ್ನ ಮರದ ನೆಲದ ಮೇಲೆ ನಿಂತಿದ್ದರು. ಐವತ್ತು ದಾಟಿದ ಮಾಲು. ಎತ್ತರ ಐದೂವರೆ ಅಡಿ, ಅಗಲ ಕಮ್ಮಿ, ಬೆನ್ನು ತುಸು ಬಾಗಿದೆ, ಕೀಲು ಮಾತ್ರ ಗಟ್ಟಿ. ಅಂಗಿ ಕಪ್ಪು, ಪ್ಯಾಂಟು ಕಪ್ಪು, ಅಂಗಿಯ ಗುಂಡಿಗಳಿಗೂ ಕಪ್ಪು ದಾರ ಸುತ್ತಿದೆ. ಕೈಗೆ ಗಡಿಯಾರವಿಲ್ಲ, ಬೆರಳಿಗೆ ಉಂಗುರವಿಲ್ಲ. ಇಡೀ ಮೈಯಲ್ಲಿ ಹೊಳೆಯುವುದು ಎರಡೇ, ಕಣ್ಣು ಮತ್ತು ಬೋಳುತಲೆ. ಸಾಗಿಸಲು ಸುಲಭ, ಮಾರಲು ಕಷ್ಟ ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿದೆ.

ಕಪ್ಪಂಗಿ ಎನ್ನುವುದು ಪೇಟೆಯವರು ಇಟ್ಟ ಹೆಸರು. ಎದುರಿಗೆ ಕರೆಯುವಾಗ ಕೊನೆಯಲ್ಲಿ ಒಂದು ‘ಅವರೇ’ ಸೇರಿಸುತ್ತಿದ್ದೆವು, ಅಷ್ಟೇ. ಅವರ ವೃತ್ತಿ ಕಟ್ಟಡಗಳ ಫೋಟೋ ತೆಗೆಯುವುದು. ಒಳಗಿನ ಕೋಣೆ, ಮೆಟ್ಟಿಲು, ಹಜಾರ, ನಾಟಕಶಾಲೆ, ಆಸ್ಪತ್ರೆಯ ಉದ್ದನೆಯ ಓಣಿ. ಜನರ ಫೋಟೋ ಮಾತ್ರ ತೆಗೆಯುತ್ತಿರಲಿಲ್ಲ.

“ಜನ ಅಲ್ಲಾಡ್ತಾರೆ ಸಾಹುಕಾರ್ರೇ. ಮೇಲಾಗಿ, ಚೆನ್ನಾಗಿ ಬಂದಿಲ್ಲ ಅಂತ ಜಗಳಕ್ಕೆ ಬರ್ತಾರೆ. ಗೋಡೆ ಇವತ್ತಿನವರೆಗೂ ಜಗಳ ಮಾಡಿಲ್ಲ.”

ನನ್ನದು ಪೀಠೋಪಕರಣಗಳ ಅಂಗಡಿ. ಹಿಂದೆ ನೂಲಿನ ಗಿರಣಿಯಾಗಿದ್ದ ಕಟ್ಟಡ. ನೂರಿಪ್ಪತ್ತು ಅಡಿ ಉದ್ದದ ಒಂದೇ ಹಾಲು, ಎರಡು ಸಾಲು ದಪ್ಪ ಇಟ್ಟಿಗೆ ಕಂಬ, ಒಂದು ಗೋಡೆಯ ಉದ್ದಕ್ಕೂ ಆಳೆತ್ತರ ಮೀರಿದ ಹದಿನಾಲ್ಕು ಕಿಟಕಿ. ವರ್ಷಕ್ಕೊಮ್ಮೆ, ಹೊಸ ಮಾಲು ಬಂದು ಕೂತಾಗ, ಇಡೀ ಹಾಲಿನ ಚಿತ್ರ ತೆಗೆಸಿ ಕ್ಯಾಟಲಾಗಿನ ಮುಖಪುಟಕ್ಕೆ ಹಾಕಿಸುವುದು ನನ್ನ ಪದ್ಧತಿ. ಹಿಂದಿನ ವರ್ಷದ ಕ್ಯಾಟಲಾಗನ್ನು ಕಪ್ಪಂಗಿ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಇದನ್ನ ತೆಗೆದೋರು ಯಾರು?”

“ಯಾಕೆ, ಚೆನ್ನಾಗಿಲ್ವಾ?”

“ಮುಂದಿನ ಸೋಫಾ ಹಿಟ್ಟಿನ ಮೂಟೆ ಮೇಲೆ ಬಿದ್ದೆದ್ದ ಹಾಗಿದೆ. ಹಿಂದಿನ ಮಂಚ ಬಾವೀಲಿದೆ. ಕಂಬಗಳೆಲ್ಲ ಕುಡಿದು ನಿಂತಿವೆ.”

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. “ನೀವು ತೆಗೆದ್ರೆ?”

“ಕಂಬಕ್ಕೆ ಅಮಲು ಇಳಿಯುತ್ತೆ. ಮಂಚ ಬಾವಿಯಿಂದ ಮೇಲೆ ಬರುತ್ತೆ.”

“ಅದಕ್ಕೆ ಎಷ್ಟು ದೊಡ್ಡ ಫ್ಲ್ಯಾಶ್ ಬೇಕಾಗುತ್ತೋ?”

ಜೇಬಿನಿಂದ ಸೋಪಿನ ಡಬ್ಬಿಯಷ್ಟಿದ್ದ ಒಂದನ್ನು ತೆಗೆದು ತೋರಿಸಿದರು. “ಇದೊಂದೇ. ನಿಂತಲ್ಲೇ ನಿಂತ್ರೆ ಇದ್ರ ಬೆಳಕು ಹದಿನೈದಡಿ. ನಡೀತಾ ಹೋದ್ರೆ ನೂರಿಪ್ಪತ್ತಡಿ.”

“ನಡಿಯೋರು ಇವ್ರು, ನಿಲ್ಲೋಳು ನಾನು,” ಎಂದು ಅವರ ಹಿಂದಿನಿಂದ ಒಂದು ದನಿ ಬಂತು. ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಹಳೆಯ ಕಪ್ಪು ಟೋಪಿ ಹಿಡಿದು, ಅವರ ಹೆಂಡತಿ ಒಳಗೆ ಬಂದರು. ಗಂಡನಿಗಿಂತ ನಾಲ್ಕು ಬೆರಳು ಎತ್ತರ, ಎರಡು ಪಾಲು ಮಾತು. ನಾನು ಟೋಪಿಯನ್ನು ನೋಡಿದ್ದನ್ನು ನೋಡಿ, “ಹೆದರ್ಬೇಡಿ ಸಾಹುಕಾರ್ರೇ, ನೀವು ಗಿರಾಕಿಗಳಿಗೆ ಹಾಕೋ ಟೋಪಿ ಅಲ್ಲ ಇದು,” ಅಂದರು. ಆವತ್ತಿನಿಂದ ನಾನು ಅವರನ್ನು ಅಕ್ಕ ಎಂದು ಕರೆದೆ. ಅಷ್ಟು ಬೇಗ ನನ್ನನ್ನು ಕಂಡುಹಿಡಿದವರನ್ನು ಹೊರಗಿನವರು ಎನ್ನಲು ಆಗುವುದಿಲ್ಲ.

ಅಂಗಡಿ ತೆರೆಯುವುದು ಹತ್ತಕ್ಕೆ. ಚಿತ್ರ ತೆಗೆಯುವ ದಿನ ಅವರಿಬ್ಬರೂ ಏಳಕ್ಕೇ ಬಂದರು. ಕೆಲಸ ಕಲಿಯುವ ಆಸೆಯೇನೂ ನನಗಿರಲಿಲ್ಲ, ಸೋಫಾಗಳ ಮೇಲೆ ಕಾಲಿಟ್ಟಾರು ಎಂದು ಕಾಯಲು ಕೂತೆ. ಕಪ್ಪಂಗಿ ಸ್ಟ್ಯಾಂಡನ್ನು ಎದೆಮಟ್ಟಕ್ಕಿಂತ ಕೆಳಗೆ ನಿಲ್ಲಿಸಿ, ಬಡಗಿಯ ರಸಮಟ್ಟವನ್ನು ಕ್ಯಾಮರಾದ ನೆತ್ತಿಯ ಮೇಲಿಟ್ಟು ಹತ್ತು ನಿಮಿಷ ತಿರುಪು ತಿರುಗಿಸಿದರು. ಕ್ಯಾಮರಾ ಮೂಗೆತ್ತಿದರೆ ಕಂಬ ಹಿಂದಕ್ಕೆ ವಾಲುತ್ತದಂತೆ, ತಗ್ಗಿಸಿದರೆ ಮೈಮೇಲೆ ಬರುತ್ತದಂತೆ. ಆಮೇಲೆ ಬೋಳುತಲೆಗೆ ಕಪ್ಪು ಬಟ್ಟೆ ಕಟ್ಟಿ, ಶಟರ್ ತೆರೆದು ಹಾಗೆಯೇ ಬಿಟ್ಟು, ಫ್ಲ್ಯಾಶ್ ಹಿಡಿದು ಹಾಲಿನೊಳಗೆ ಹೊರಟುಬಿಟ್ಟರು. ಚಿತ್ರ ತೆಗೆಯುವವನೇ ಚಿತ್ರದೊಳಗೆ ನಡೆದುಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲನೆಯ ಕಂಬದ ಹಿಂದೆ ಅಡಗಿ, ಬೆನ್ನನ್ನು ಕ್ಯಾಮರಾದ ಕಡೆಗೆ ಮಾಡಿ, “ಹ್ಞಾಂ” ಅಂದರು. ಅಕ್ಕ ಲೆನ್ಸಿನ ಮೇಲಿದ್ದ ಟೋಪಿ ಎತ್ತಿ “ಹ್ಞೂಂ ರೀ” ಅಂದರು. ಫ್ಲ್ಯಾಶ್ ಫಳ್ಳೆಂದಿತು, ಚಾವಣಿಗೆ ಬಡಿದು ನಾಲ್ಕು ಸೋಫಾಗಳ ಮೇಲೆ ಬೆಳಕು ಇಳಿಯಿತು. ಆ ಬೆಳಕೇ ಅಕ್ಕನಿಗೆ ಸೂಚನೆ: ಟೋಪಿ ಲೆನ್ಸಿನ ಮೇಲೆ ವಾಪಸು. ಕಪ್ಪಂಗಿ ಎರಡನೆಯ ಕಂಬಕ್ಕೆ ನಡೆದರು. ಹ್ಞಾಂ. ಹ್ಞೂಂ ರೀ. ಫಳ್. ಟೋಪಿ. ಹೀಗೆ ಇಪ್ಪತ್ತಾರು ಸಲ. ಒಂದು ಮೇಜಿನ ದೀಪದ ಹಿಂದೆ ಮಾತ್ರ ಫ್ಲ್ಯಾಶಿಗೆ ಹಳದಿ ಕಾಗದ ಸುತ್ತಿ ಹಚ್ಚಿದರು. ಆ ದೀಪದಲ್ಲಿ ಬಲ್ಬೇ ಇರಲಿಲ್ಲ, ಚಿತ್ರದಲ್ಲಿ ಉರಿಯುತ್ತಿತ್ತು. ಇವರು ನಮ್ಮ ಪೈಕಿಯೇ ಎಂದು ಆಗ ಖಾತ್ರಿಯಾಯಿತು.

ಟೋಪಿ ಯಾಕೆ ಎಂದು ಕೇಳಿದೆ. ಫ್ಲ್ಯಾಶ್ ಮತ್ತೆ ತುಂಬಿಕೊಳ್ಳಲು ಹತ್ತು ಹನ್ನೆರಡು ಸೆಕೆಂಡು ಬೇಕು. ಅಷ್ಟು ಹೊತ್ತು ಲೆನ್ಸ್ ತೆರೆದೇ ಇದ್ದರೆ ಹದಿನಾಲ್ಕು ಕಿಟಕಿಗಳೂ ಬೆಳಕು ಸುರಿದು ಸುರಿದು ಬೆಳ್ಳಗೆ ಬೆಂದುಹೋಗುತ್ತವೆ. ಕಾಯುತ್ತ ನಿಂತ ಮನುಷ್ಯ ಹೊಗೆಯ ಹಾಗೆ ಫಿಲ್ಮಿಗೆ ಅಂಟಿಕೊಳ್ಳುತ್ತಾನೆ.

“ಈ ಟೋಪಿ ಇವ್ರ ಬೋಳುತಲೆಗೆ ಅಂತ ನಾನೇ ತಂದಿದ್ದು,” ಎಂದರು ಅಕ್ಕ. “ಹಾಕ್ಕೊಂಡ್ರೆ ಕಳ್ಳನ ಹಾಗೆ ಕಾಣ್ತಿದ್ರು. ಅದಕ್ಕೆ ಲೆನ್ಸಿಗೆ ಹಾಕ್ದೆ.”

ಕಂಬದ ಹಿಂದಿನಿಂದ ಕಪ್ಪಂಗಿ ಕೂಗಿದರು, “ಮಾತು ಕಮ್ಮಿ ಮಾಡು, ಸ್ಟ್ಯಾಂಡ್ ನಡುಗುತ್ತೆ.”

“ನಲವತ್ತು ಮನೆ ನಡುಗಿಸಿದ ಬಾಯಿ ಇದು, ಸ್ಟ್ಯಾಂಡ್ ಯಾವ ಲೆಕ್ಕ!”

ನಾಲ್ಕು ದಿನದ ಮೇಲೆ ಚಿತ್ರ ಬಂತು. ಅದರಲ್ಲಿದ್ದ ಅಂಗಡಿ ನನ್ನದಕ್ಕಿಂತ ದೊಡ್ಡದಾಗಿತ್ತು. ಒಂದೊಂದು ಕುರ್ಚಿಯೂ ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಬೆಚ್ಚಗಿತ್ತು. ಕಿಟಕಿಗಳಾಚೆಯ ಬೀದಿ ಕಾಣುತ್ತಿತ್ತು, ಕಂಬಗಳು ನೆಟ್ಟಗಿದ್ದವು, ಕೊನೆಯ ಮಂಚದ ಕೆತ್ತನೆಯನ್ನೂ ಎಣಿಸಬಹುದಿತ್ತು. ಇಪ್ಪತ್ತಾರು ಕಡೆ ನಿಂತ ಮನುಷ್ಯ ಒಂದು ಕಡೆಯೂ ಇರಲಿಲ್ಲ. ಆ ವರ್ಷ ಗಿರಾಕಿಗಳು ಒಳಗೆ ಬಂದು, “ಕ್ಯಾಟಲಾಗಲ್ಲಿರೋ ಹಾಲು ಎಲ್ಲಿದೆ?” ಎಂದು ಕೇಳಿದರು. ಇದೇ ಎಂದರೆ ನಂಬಲಿಲ್ಲ.

ಹೀಗೆ ಎಂಟು ವರ್ಷ ನಡೆಯಿತು. ಎಂಟು ಮುಖಪುಟ, ಎಂಟರಲ್ಲೂ ಒಂದು ಕೂದಲೆಳೆಯ ತಪ್ಪಿಲ್ಲ.

ಅವರ ಮನೆಗೆ ನಾನು ಹೋದದ್ದು ಕಮ್ಮಿ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಬಚ್ಚಲುಮನೆಯೇ ಫಿಲ್ಮ್ ತೊಳೆಯುವ ಜಾಗ. ಸ್ನಾನ ಮಾಡಬೇಕಾದರೆ ಫಿಲ್ಮುಗಳ ಅಪ್ಪಣೆ ಬೇಕು. ಮಕ್ಕಳಿರಲಿಲ್ಲ. ಗೋಡೆಯ ತುಂಬ ಚಿತ್ರಗಳು, ಒಂದರಲ್ಲೂ ಮನುಷ್ಯರಿಲ್ಲ. ನಿಮ್ಮದೊಂದು ಫೋಟೋನೂ ಇಲ್ವಲ್ಲ ಅಕ್ಕ ಎಂದೆ.

“ಇದೆಲ್ಲ ನಮ್ಮದೇ ಫೋಟೋ. ಕಾಣಲ್ಲ ಅಷ್ಟೇ,” ಎಂದು ಒಂದು ಶಾಲೆಯ ಮೆಟ್ಟಿಲಿನ ಚಿತ್ರದ ಮುಂದೆ ನನ್ನನ್ನು ನಿಲ್ಲಿಸಿದರು. “ಇದ್ರಲ್ಲಿ ಇವ್ರು ಎಲ್ಲಿದ್ದಾರೆ, ಹೇಳಿ ನೋಡೋಣ?”

ನಾನು ಸೋತೆ.

“ಅಗೋ, ಮೂರನೇ ಮೆಟ್ಟಿಲ ಹಿಂದೆ ಬಗ್ಗಿ ಕೂತಿದ್ದಾರೆ. ಆಮೇಲೆ ಸೊಂಟ ಹಿಡ್ಕೊಂಡು ಎಂಟು ದಿನ ಎದ್ದೇಳಲಿಲ್ಲ. ಇಲ್ಲಿ ನೋಡಿ, ನಾಟಕಶಾಲೆ. ಆ ತೆರೆ ಹಿಂದೆ ಇದ್ದಾರೆ. ಸೀನು ತಡ್ಕೊಂಡು ನಿಂತಿದ್ರು, ಪಾಪ.” ಒಂದೊಂದು ಚಿತ್ರದಲ್ಲೂ ಗಂಡ ಅಡಗಿದ್ದ ಜಾಗಕ್ಕೆ ಬೆರಳಿಡುತ್ತ ಹೋದರು. ಗಾಜಿನ ಮೇಲೆ ಆ ಜಾಗಗಳಲ್ಲೆಲ್ಲ ಸಣ್ಣ ಜಿಡ್ಡಿನ ಗುರುತು. ನನಗೆ ತೋರಿಸುವ ಮೊದಲು ಎಷ್ಟು ಜನಕ್ಕೆ ತೋರಿಸಿದ್ದರೋ. ಕಪ್ಪಂಗಿ ಮಾತ್ರ ಮೂಲೆಯಲ್ಲಿ ಕೂತು, ಕೇಳಿಯೂ ಕೇಳದವರ ಹಾಗೆ ಲೆನ್ಸ್ ಒರೆಸುತ್ತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ಒಂಬತ್ತನೆಯ ವರ್ಷದ ಚಿತ್ರದಲ್ಲಿ, ಮೂರನೆಯ ಕಿಟಕಿಯ ಮುಂದೆ, ಎರಡು ಕಾಲುಗಳಿದ್ದವು. ಬರೀ ಕಾಲು, ಮೊಣಕಾಲಿನ ತನಕ, ಹಿಂದಿನ ಗೋಡೆ ಅದರೊಳಗಿಂದ ಕಾಣುತ್ತಿತ್ತು.

“ಪ್ಯಾಂಟು ಹಳೇದಾಯ್ತು, ಕಪ್ಪು ಮಾಸಿದೆ,” ಎಂದರು ಕಪ್ಪಂಗಿ. ನಾನು ಕೇಳುವ ಮೊದಲೇ ಇನ್ನೊಮ್ಮೆ ತೆಗೆದುಕೊಟ್ಟರು.

ಹತ್ತನೆಯ ವರ್ಷ ಅವರು ನಾಲ್ಕು ಕಡೆ ಇದ್ದರು. ಕಂಬದ ಪಕ್ಕ ಒಂದು ಹೆಗಲು, ಬೀರುವಿನ ಮುಂದೆ ಅರ್ಧ ಬೆನ್ನು, ಕಿಟಕಿಗಳ ಎದುರು ಎರಡು ಹೊಗೆಯ ಆಕಾರ. ಕಿಟಕಿಗಳೆಲ್ಲ ಬೆಳ್ಳಗೆ ಸುಟ್ಟಿದ್ದವು.

“ಕಪ್ಪಂಗಿಯವರೇ, ನಮ್ಮಂಗಡಿಗೆ ದೆವ್ವಗಳೂ ಸೋಫಾ ನೋಡೋಕೆ ಬರ್ತಿವೆ, ಸರಿ. ಆದ್ರೆ ಒಂದೂ ಕೊಳ್ಳಲ್ವಲ್ಲ!” ಎಂದೆ. ನಗಲಿಲ್ಲ. ಶಟರ್ ಸಿಕ್ಕಿಕೊಳ್ಳುತ್ತಿದೆ, ರಿಪೇರಿಗೆ ಕೊಡುತ್ತೇನೆ ಎಂದರು. ಎರಡನೆಯ ಸಲವೂ ಕೆಟ್ಟಿತು. ಮೂರನೆಯ ಸಲ ಚಿತ್ರ ಹೇಗೋ ದಕ್ಕಿತು.

ನಮ್ಮ ಮನೆಯವಳು ಆ ದಿನಗಳಲ್ಲಿ ಅಂಗಡಿಯ ಒಳಕೋಣೆಯಲ್ಲಿ ಬಟ್ಟೆಯ ಮಾದರಿ ನೋಡಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಹೇಳಿದಳು, “ಅಕ್ಕ ಇವತ್ತು ಮೂರು ಸಲ ಕೇಳಿದ್ರು ನಮಗೆ ಮಕ್ಕಳೆಷ್ಟು ಅಂತ. ಮೂರು ಸಲವೂ ಹೊಸದಾಗಿ ಖುಷಿಪಟ್ರು.”

“ವಯಸ್ಸಾಯ್ತಲ್ಲ.”

“ನಿಮಗೆ ಮರದ ಬಿರುಕು ಮಾರು ದೂರದಿಂದ ಕಾಣುತ್ತೆ. ಮನುಷ್ಯರದ್ದು ಮೂಗಿನ ಕೆಳಗಿದ್ರೂ ಕಾಣಲ್ಲ.”

ಆದ್ದರಿಂದ, ನನಗೆ ಏನೂ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಅದು ಅರ್ಧ ಸುಳ್ಳು. ಗೊತ್ತಾಗುವಷ್ಟು ಹತ್ತಿರ ಹೋಗಿ ನಿಂತು ನೋಡಲಿಲ್ಲ, ಅಷ್ಟೇ.

ಹನ್ನೊಂದನೆಯ ವರ್ಷ ಕಪ್ಪಂಗಿ ಎಂಟು ದಿನ ಮೊದಲೇ ಬಂದರು. ಅಕ್ಕನೂ ಜೊತೆಗಿದ್ದರು. ಟೋಪಿಯನ್ನು ಎರಡು ಕೈಯಲ್ಲೂ ಹಿಡಿದು ಸೋಫಾಗಳ ನಡುವೆ ಓಡಾಡುತ್ತಿದ್ದರು. ಕಪ್ಪಂಗಿಯ ಬಗಲಲ್ಲಿ ಒಂದು ದೊಡ್ಡ ಬಟ್ಟೆಯ ಗಂಟು.

“ಒಂದು ಉಪಕಾರ ಆಗ್ಬೇಕು ಸಾಹುಕಾರ್ರೇ. ಒಂದು ದಿನ ಅಂಗಡಿ ಮುಚ್ಚಿ ಕೊಡ್ಬೇಕು. ಇಡೀ ದಿನ.”

“ಯಾಕೆ?”

“ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹಾಕ್ತೀನಿ. ನಾನೇ ಹೊಲಿದಿದ್ದೀನಿ, ಹದಿನಾಲ್ಕೂ.” ಗಂಟು ಬಿಚ್ಚಿದರು. ದಪ್ಪ ಬಟ್ಟೆ, ಎರಡು ಪದರ, ಅಂಚಿನಲ್ಲಿ ಒಂದೊಂದು ಗೇಣಿಗೂ ಕೊಂಡಿ. ಗಂಡಸಿನ ಹೊಲಿಗೆ, ಸೊಟ್ಟ ಆದರೆ ಭದ್ರ. “ಹಾಲು ಪೂರ್ತಿ ಕತ್ತಲಾಗ್ಬೇಕು. ಕೊನೇಲಿ ನಾನೇ ಲೆನ್ಸ್ ಮುಚ್ಚಿ ಬಟ್ಟೆ ಇಳಿಸಿ, ನಾಲ್ಕು ಎಣಿಸೋ ಹೊತ್ತು ಕಿಟಕಿ ಬೆಳಕು ತಗೊಂಡ್ರೆ ಆಯ್ತು.”

“ಹತ್ತು ವರ್ಷ ಇಲ್ದಿದ್ದ ಕತ್ತಲೆ ಈಗ ಯಾಕೆ ಬೇಕಾಯ್ತು?”

ಅವರು ಅಕ್ಕನ ಕಡೆ ನೋಡಿದರು. ಅಕ್ಕ ಒಂದು ತೊಟ್ಟಿಲಿನ ಪಕ್ಕ ನಿಂತು ಅದನ್ನು ಮೆಲ್ಲಗೆ ತೂಗುತ್ತಿದ್ದರು. “ಹೊಸ ವಿಧಾನ,” ಎಂದರು ಕಪ್ಪಂಗಿ.

ಅವರ ಲೆಕ್ಕ ನನಗೆ ಹೊಳೆದದ್ದು ತಡವಾಗಿ. ಓದುವವರು ತಡವಾಗಿ ತಿಳಿಯಬೇಕಾದ ಅಗತ್ಯವಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಅಕ್ಕನಿಗೆ ಟೋಪಿ ಎತ್ತುವುದು ನೆನಪಿತ್ತು. ಎತ್ತಿದ್ದನ್ನು ಮತ್ತೆ ಮುಚ್ಚುವುದು ಮರೆತುಹೋಗುತ್ತಿತ್ತು. ಫ್ಲ್ಯಾಶಿನ ಬೆಳಕು ಬಂದು ಹೋದ ಮೇಲೂ ಅದು ಹೋದ ದಿಕ್ಕನ್ನೇ ನೋಡುತ್ತ ನಿಂತುಬಿಡುತ್ತಿದ್ದರು. ಕಪ್ಪಂಗಿ ‘ಮುಚ್ಚು’ ಎಂದು ಕೂಗತೊಡಗಿದರು. ‘ಮುಚ್ಚಿದೆ ರೀ’ ಎಂದು ಉತ್ತರ ಬರುತ್ತಿತ್ತು, ಟೋಪಿ ಕೈಯಲ್ಲೇ ಇರುತ್ತಿತ್ತು. ಹಾಲು ಪೂರ್ತಿ ಕತ್ತಲಾಗಿದ್ದರೆ ಲೆನ್ಸ್ ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಕತ್ತಲೆಗೆ ಫಿಲ್ಮಿನ ಮೇಲೆ ಗುರುತು ಮಾಡಲು ಬರುವುದಿಲ್ಲ. ಅಕ್ಕ ಮರೆತರೂ ಚಿತ್ರ ಕೆಡುವುದಿಲ್ಲ, ಕೆಡದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಅನ್ನದಿದ್ದರೆ ಅಕ್ಕ ಕ್ಯಾಮರಾದ ಪಕ್ಕ ನಿಂತೇ ಇರಬಹುದು. ಅಡುಗೆ ಆಗಲೇ ಕೈಬಿಟ್ಟಿತ್ತು, ಬೀದಿಯ ಗುರುತು ಕೈಬಿಟ್ಟಿತ್ತು. ಉಳಿದಿದ್ದ ಕೆಲಸ ಅದೊಂದೇ. ಹೆಂಡತಿಯ ಮರೆವು ಯಾರ ಕಣ್ಣಿಗೂ ಬೀಳದಷ್ಟು ದೊಡ್ಡ ಕತ್ತಲೆಯನ್ನು ಆ ಮನುಷ್ಯ ಮನೆಯಲ್ಲಿ ಕೂತು ಹೊಲಿದು ತಂದಿದ್ದರು.

ನಾನು ಅಂದದ್ದು ಹೀಗೆ: “ಹೊಸ ಮಾಲು ಬಂದು ಕೂತಿದೆ. ನನ್ನಂಗಡಿಗೆ ವಾರದ ರಜೆಯೂ ಇಲ್ಲ ಅನ್ನೋದು ಪೇಟೆಗೇ ಗೊತ್ತು. ಬಾಗಿಲು ಹಾಕಿದ್ದು ಕಂಡ್ರೆ ಯಾರೋ ಸತ್ರು ಅಂದ್ಕೋತಾರೆ. ಅಷ್ಟೊಂದು ಕತ್ತಲೆ ಬೇಕಿದ್ರೆ ಅಂಗಡಿ ಮುಚ್ಚಿದ ಮೇಲೆ ಬನ್ನಿ, ಸಂಜೆ. ಕತ್ತಲೆ ಪುಕ್ಕಟೆ ಸಿಗುತ್ತೆ.”

“ಸಂಜೆ ಮೇಲೆ ನಮಗಾಗಲ್ಲ ಸಾಹುಕಾರ್ರೇ.”

ಹೊತ್ತು ಇಳಿದರೆ ಅಕ್ಕನಿಗೆ ಇರುವ ನೆನಪೂ ಇಳಿಯುತ್ತದೆ, ಮನೆ ಯಾವುದು ಎಂದು ಹುಡುಕುತ್ತಾರೆ ಎನ್ನುವುದು ಆ ಮಾತಿನೊಳಗಿತ್ತು. ನಾನು ಅದನ್ನು ಸೋಮಾರಿತನ ಎಂದು ಓದಿಕೊಂಡೆ. “ಹಾಗಾದ್ರೆ ಮಾಮೂಲಿ ಹೊತ್ತು. ಏಳರಿಂದ ಹತ್ತು,” ಎಂದೆ. ಅವರು ಬಟ್ಟೆಗಳನ್ನು ಒಂದೊಂದಾಗಿ ಮಡಚಿದರು. ಹದಿನಾಲ್ಕನ್ನು ಮಡಚಲು ತುಂಬ ಹೊತ್ತು ಬೇಕು. ಅಷ್ಟು ಹೊತ್ತಿನಲ್ಲಿ ಮನಸ್ಸು ಬದಲಾಯಿಸಬಹುದಿತ್ತು. ನಾನು ಒಬ್ಬ ಗಿರಾಕಿಗೆ ಊಟದ ಮೇಜು ತೋರಿಸುತ್ತಿದ್ದೆ.

ಎಂಟು ದಿನದ ಮೇಲೆ, ಚಿತ್ರ ತೆಗೆಯುವ ಬೆಳಗ್ಗೆ, ಒಳಕೋಣೆಯಲ್ಲಿ ಕೂತಿದ್ದ ನನಗೆ ದನಿಗಳಷ್ಟೇ ಕೇಳಿಸುತ್ತಿದ್ದವು. ಹ್ಞಾಂ. ಹ್ಞೂಂ ರೀ. ಮುಚ್ಚು. ಮುಚ್ಚಿದೆ. ಮುಚ್ಚು ಅಂದೆ. ಮುಚ್ಚಿದೆ ಅಂದ್ನಲ್ಲ! ಮೂರು ಸಲ ಮೊದಲಿನಿಂದ ಶುರುಮಾಡಿದರು. ಒಂಬತ್ತೂಮುಕ್ಕಾಲು ಆಯಿತು. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಬಂದು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ನಾನು ಹಾಲಿಗೆ ಬಂದೆ.

ಕ್ಯಾಮರಾದ ಪಕ್ಕ ಯಾರೂ ಇರಲಿಲ್ಲ. ಅಕ್ಕ ಟೋಪಿಯನ್ನು ತಲೆಗೆ ಹಾಕಿಕೊಂಡು, ತೆರೆದ ಲೆನ್ಸಿನ ಎದುರಿಗೇ, ಒಂದೊಂದು ಕಂಬದ ಹಿಂದೆಯೂ ಇಣುಕುತ್ತ ಹೋಗುತ್ತಿದ್ದರು. “ಎಲ್ಲಿದ್ದೀರಿ? ರೀ, ಎಲ್ಲಿದ್ದೀರಿ? ಸಾಕು, ಬನ್ನಿ ಹೊರಗೆ.” ಏಳನೆಯ ಕಂಬದ ಹಿಂದೆ ಕಪ್ಪಂಗಿ ಫ್ಲ್ಯಾಶನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಹೊರಗೆ ಬರಲೇ ಬೇಡವೇ ಎಂದು ಅವರಿಗೇ ತಿಳಿಯದ ಹಾಗಿತ್ತು.

ನಾನು ಗಡಿಯಾರ ನೋಡಿದೆ. “ಕಪ್ಪಂಗಿಯವರೇ, ಅಕ್ಕನ ಕೈಲಿ ಇನ್ನು ಇದಾಗಲ್ಲ. ನಾಳೆ ಒಬ್ರೇ ಬನ್ನಿ, ಇಲ್ಲ ಬೇರೆ ಯಾರನ್ನಾದ್ರೂ ಕರ್ಕೊಂಡ್ಬನ್ನಿ,” ಎಂದೆ. ಜೋರಾಗಿಯೇ ಎಂದೆ. ದೊಡ್ಡ ಹಾಲು, ದನಿ ಎಲ್ಲ ಕಡೆಗೂ ಹೋಗುತ್ತದೆ.

ಅಕ್ಕ ನಿಂತರು. ಎಷ್ಟೋ ಸಂಗತಿಗಳು ಅವರನ್ನು ಮುಟ್ಟದೆ ಹೋಗುತ್ತಿದ್ದ ದಿನಗಳವು. ಇದು ಮಾತ್ರ ನೇರ ಹೋಗಿ ಮುಟ್ಟಿತು. ಟೋಪಿ ತೆಗೆದು, ಅಂಗೈಯಿಂದ ಅದರ ಧೂಳು ಕೊಡವಿ, ನನ್ನ ಹತ್ತಿರ ಬಂದು ಕೈಗಿಟ್ಟರು.

“ತಗೊಳ್ಳಪ್ಪ. ನಿಮ್ದು ನಿಮ್ಗೆ.”

“ಅದು ನಿಮ್ದೇ ಅಕ್ಕ…”

“ನಮ್ಗೆ ಬೇಡ. ನಮ್ಮ ಕೈಲಿ ಆಗಲ್ವಂತೆ.”

ಮಾರನೆಯ ದಿನ ಕಪ್ಪಂಗಿ ಒಬ್ಬರೇ ಬಂದರು. ಚಿತ್ರ ಚೆನ್ನಾಗಿ ಬಂತು. ಕೂದಲೆಳೆಯ ತಪ್ಪೂ ಇರಲಿಲ್ಲ. ಟೋಪಿ ಕೊಟ್ಟು ಕಳಿಸಿದೆ. ಎರಡು ದಿನದ ಮೇಲೆ ವಾಪಸು ತಂದುಕೊಟ್ಟರು. ಅಕ್ಕ ಅದನ್ನು ಮನೆಯೊಳಗೆ ಸೇರಿಸಲಿಲ್ಲವಂತೆ, ಸಾಹುಕಾರರ ಸಾಮಾನು ಕದ್ದು ತಂದಿದ್ದೀರಿ ಎಂದು ಅತ್ತರಂತೆ. ಅದು ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಆರು ತಿಂಗಳು ನಾನು ಅತ್ತ ಹೋಗಲಿಲ್ಲ. ಹೋಗದಿರಲು ವ್ಯಾಪಾರಿಗೆ ಕಾರಣಗಳ ಕೊರತೆಯೇ? ಕಡೆಗೆ ನಮ್ಮ ಮನೆಯವಳೇ ಎಳೆದುಕೊಂಡು ಹೋದಳು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಕ್ಕ ಗೋಡೆಯ ಚಿತ್ರಗಳಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈ ಅರ್ಧಕ್ಕಿಳಿದಿತ್ತು. ಕಪ್ಪಂಗಿ ಪಕ್ಕದಲ್ಲಿ ಕೂತು ಗಂಜಿ ತಿನ್ನಿಸುತ್ತಿದ್ದರು. ಅಕ್ಕ ಅವರ ಕೈ ಸರಿಸಿದರು.

“ಸಾಕು ಅಣ್ಣ. ನೀವು ಇನ್ನು ಹೊರಡಿ. ಅವ್ರು ಬರೋ ಹೊತ್ತಾಯ್ತು.”

ಅಣ್ಣ. ನಮ್ಮ ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಪ್ಪಂಗಿ ಏನೂ ಆಗದವರ ಹಾಗೆ, “ಅವ್ರು ಎಲ್ಲಿದ್ದಾರಮ್ಮ?” ಎಂದು ಕೇಳಿದರು.

ಗೋಡೆಯ ಮೇಲೆ ನನ್ನ ಅಂಗಡಿಯ ಚಿತ್ರವೂ ಇತ್ತು, ಮೊದಲ ವರ್ಷದ್ದು. ಅಕ್ಕ ಎದ್ದು ಹೋಗಿ ನಾಲ್ಕನೆಯ ಕಂಬದ ಮೇಲೆ ಬೆರಳಿಟ್ಟರು. “ಇಲ್ಲೇ, ಇದ್ರ ಹಿಂದೆ. ಬೆಳಕು ತುಂಬ್ಕೊಳ್ತಿದೆ. ಇನ್ನೇನು ಬರ್ತಾರೆ.”

ಕಪ್ಪಂಗಿ ನಮಗೆ ಕಣ್ಣಲ್ಲೇ ಸುಮ್ಮನಿರಿ ಎಂದು ಹೇಳಿ, ಬಟ್ಟಲು ಕೆಳಗಿಟ್ಟು, ಒಳಕೋಣೆಗೆ ಹೋಗಿ ಗೋಡೆಯ ಮರೆಗೆ ನಿಂತರು. ಅಲ್ಲಿಂದ ಅವರ ದನಿ ಬಂತು.

“ಹ್ಞಾಂ.”

ಅಕ್ಕನ ಮುಖ ತೆರೆದುಕೊಂಡಿತು. ಬೆನ್ನು ನೆಟ್ಟಗಾಯಿತು, ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಎತ್ತಿತು.

“ಹ್ಞೂಂ ರೀ.”

ದಿನಕ್ಕೆ ಇಪ್ಪತ್ತು ಸಲ ಹಾಗೆ ಮರೆಗೆ ಹೋಗಿ ಬರುತ್ತಾರೆ ಎಂದು ಆಮೇಲೆ ಮೆಟ್ಟಿಲ ಹತ್ತಿರ ಕಪ್ಪಂಗಿ ಹೇಳಿದರು. “ಎದುರಿಗೆ ಬಂದ್ರೆ ಅಣ್ಣ. ಮರೇಲಿ ನಿಂತ್ರೆ ಗಂಡ. ಮರೇಲೇ ನಿಂತು ಮರೇಲೇ ಮಾತಾಡ್ತೀನಿ.” ಕತ್ತಲೆಯ ಲೆಕ್ಕವನ್ನು ಅವರು ನನಗೆ ಬಿಡಿಸಿ ಹೇಳಿದ್ದು ಆ ಮೆಟ್ಟಿಲ ಮೇಲೆಯೇ. ದೂರುವ ದನಿಯಲ್ಲ, ಸುಮ್ಮನೆ ಒಂದು ಕೆಲಸದ ಸಂಗತಿ ಹೇಳುವ ಹಾಗೆ. ಅವತ್ತು ಮುಚ್ಚಿಕೊಟ್ಟಿದ್ದರೆ ಅಕ್ಕ ನೆಟ್ಟಗಿರುತ್ತಿದ್ದರೇ ಎಂದು ಕೇಳಿದೆ. ಸಮಾಧಾನಕ್ಕೆ ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

“ಕ್ಯಾಮರಾ ಪಕ್ಕ ನಿಂತ ದಿನ ನನ್ನ ಗುರುತು ಸಿಗ್ತಿತ್ತು ಸಾಹುಕಾರ್ರೇ, ಎದುರಿಗೆ ಬಂದ್ರೂ. ಕೈಲಿ ಟೋಪಿ ಇರೋವರೆಗೂ ಸಿಗ್ತಿತ್ತು. ರೋಗ ರೋಗವೇ, ನೀವು ತಡೀಬಹುದಿತ್ತು ಅಂತಲ್ಲ. ಒಂದು ವರ್ಷ ಸಿಗ್ತಿತ್ತೋ, ಆರು ತಿಂಗಳೋ. ಸಿಗ್ತಿತ್ತು ಅಂತ ಮಾತ್ರ ಹೇಳ್ಬಲ್ಲೆ.”

ಮುಂದಿನ ಕ್ಯಾಟಲಾಗಿನ ಹೊತ್ತಿಗೆ ಅಕ್ಕ ಇರಲಿಲ್ಲ.

ಕಪ್ಪಂಗಿ ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ ಬಂದರು. ಸ್ಟ್ಯಾಂಡನ್ನು ತಾವೇ ಹೊತ್ತಿದ್ದರು. ನಾನು ಮೊದಲೇ ಬಾಗಿಲಿಗೆ ಚೀಟಿ ಅಂಟಿಸಿದ್ದೆ: ಎರಡು ದಿನ ಅಂಗಡಿ ಇಲ್ಲ. ಹದಿನಾಲ್ಕು ಕಿಟಕಿಗೂ ಕೊಕ್ಕೆ ಹೊಡೆಸಿದ್ದೆ, ಏಣಿ ತರಿಸಿದ್ದೆ. ಅವರು ಕೊಕ್ಕೆಗಳನ್ನು ಒಂದೊಂದಾಗಿ ನೋಡುತ್ತ ಕೊನೆಯ ಕಿಟಕಿಯ ತನಕ ಹೋಗಿ ವಾಪಸು ಬಂದರು.

“ಗಟ್ಟಿ ಹೊಡೆಸಿದ್ದೀರಿ,” ಎಂದರು. “ಆದ್ರೆ ಈಗ್ಯಾಕೆ ಕತ್ತಲೆ? ಲೆನ್ಸ್ ನಾನೇ ಮುಚ್ಕೋತೀನಿ. ಬಾಗಿಲು ತೆಗೀರಿ ಹತ್ತಕ್ಕೆ.”

“ನಾನು ನಿಲ್ತೀನಿ ಕ್ಯಾಮರಾ ಹತ್ರ. ಟೋಪಿ ಇದೆ ನನ್ನ ಹತ್ರ.”

“ಬೇಡ.”

ಕಿಟಕಿಗಳು ಬೇಯದಿರಲೆಂದು ಆ ಬದಿಗೆ ಲೆನ್ಸಿನ ಮುಂದೆ ಕಪ್ಪು ರಟ್ಟು ಅಡ್ಡ ನಿಲ್ಲಿಸಿ, ಇಪ್ಪತ್ತಾರು ಸಲ ಅವರು ಲೆನ್ಸ್ ತೆರೆದು ಕಂಬದ ತನಕ ಓಡುನಡಿಗೆಯಲ್ಲಿ ಹೋದರು, ಬೆಳಕು ಹಾಕಿದರು, ಅದೇ ನಡಿಗೆಯಲ್ಲಿ ಮುಚ್ಚಲು ಬಂದರು. ಅಷ್ಟು ಓಡುವ ವಯಸ್ಸಲ್ಲ. ಒಂದು ಸಲವೂ ನಿಲ್ಲಲಿಲ್ಲ, ನಿಂತರೆ ಅಂಟಿಕೊಳ್ಳುತ್ತಾರಲ್ಲ. ಕೊನೆಯ ಕಂಬದ ಹಿಂದೆ, ಫ್ಲ್ಯಾಶ್ ಹಾಕುವ ಮೊದಲು, ತಪ್ಪಿ ಬಾಯಿಗೆ ಬಂತೋ ಬೇಕೆಂದೇ ಅಂದರೋ ತಿಳಿಯದು, “ಹ್ಞಾಂ” ಎಂದರು. ಹಾಲಿನಲ್ಲಿ ನಾನೊಬ್ಬನೇ ಇದ್ದೆ. ಅದಕ್ಕೆ ಉತ್ತರ ಕೊಡುವ ಹಕ್ಕು ನನಗಿರಲಿಲ್ಲ.

ಅವರು ಈಗಲೂ ವರ್ಷಕ್ಕೊಮ್ಮೆ ಬರುತ್ತಾರೆ. ಚಪ್ಪಲಿ ಹೊರಗೆ ಬಿಡುತ್ತಾರೆ, ರಸಮಟ್ಟ ಇಟ್ಟು ನೋಡುತ್ತಾರೆ, ಕಂಬ ನೆಟ್ಟಗೆ ನಿಲ್ಲಿಸಿಕೊಟ್ಟು ಹೋಗುತ್ತಾರೆ. ಕೊಕ್ಕೆಗಳನ್ನು ನಾನು ತೆಗೆಸಿಲ್ಲ. ಹದಿನಾಲ್ಕು ಕಿಟಕಿ ಮುಚ್ಚಿದ ಒಂದು ದಿನವನ್ನು ನಾನು ಅವರಿಬ್ಬರಿಗೂ ಕೊಡಬೇಕಿತ್ತು, ಕೊಟ್ಟಿಲ್ಲ.